ಕಬ್ಬಿಲ್ಲದ ಗಾಣವೂ ತಿರುಗುತ್ತದೆ: ಪರದೆ ಮೇಲಿನ ಚಕ್ರದ ಕಥೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೆಳಿಗ್ಗೆ ಪೇಪರ್ ಕೈಗೆ ಬಂದರೆ ಹಲವರ ಕಣ್ಣು ಮೊದಲು ಹೋಗುವುದು ದೊಡ್ಡ ಸುದ್ದಿಯ ಮೇಲಲ್ಲ, ಮೂಲೆಯಲ್ಲಿರುವ ಒಂದು ಸಣ್ಣ ಚೌಕದ ಮೇಲೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಆ ನಾಲ್ಕು ಸಾಲು ಓದಿದ ರೈತ ಕಾಫಿ ಮುಗಿಸುವಷ್ಟರಲ್ಲಿ ಲೆಕ್ಕ ಹಾಕಿರುತ್ತಾನೆ: ನಾಲೆಗೆ ಯಾವಾಗ ನೀರು ಬಿಟ್ಟಾರು, ಒಟ್ಲು ಯಾವಾಗ ಹಾಕಬೇಕು, ಈ ಸಲ ಭತ್ತವೋ ರಾಗಿಯೋ.

ಯಾವುದೇ ಕೆಲಸ ಎಷ್ಟು ಮುಗಿದಿದೆ ಎಂದು ತಿಳಿಯಲು ಮೂರು ಸಂಗತಿ ಸಾಕು. ಒಟ್ಟು ಎಷ್ಟು, ಈಗ ಎಷ್ಟಾಗಿದೆ, ಯಾವ ವೇಗದಲ್ಲಿ ಆಗುತ್ತಿದೆ. ಕೆಆರ್‌ಎಸ್ ಚೌಕದಲ್ಲಿ ಮೂರೂ ಇವೆ. ನಮ್ಮ ಕೈಯಲ್ಲಿರುವ ಫೋನಿನ ಪರದೆಯ ನಡುವೆ ಸುತ್ತುವ ಚಕ್ರದಲ್ಲಿ ಮೂರೂ ಇಲ್ಲ. ಆದರೂ ನ್ಯಾಯಬೆಲೆ ಅಂಗಡಿಯ ಮುಂದೆ, ನಾಡಕಚೇರಿಯ ಕಿಟಕಿಯ ಮುಂದೆ, ಹಣ ಕಳಿಸಿದ ಮೇಲೆ ಅಂಗಡಿಯವರ ಮುಖ ನೋಡುತ್ತ ನಾವೆಲ್ಲ ಆ ಚಕ್ರವನ್ನೇ ನಂಬಿಕೊಂಡು ನಿಲ್ಲುತ್ತೇವೆ.

ಈ ಚಕ್ರ ಎಲ್ಲಿಂದ ಬಂತು? ಸ್ಮಾರ್ಟ್‌ಫೋನ್ ಬರುವುದಕ್ಕೆ ಬಹಳ ಮುಂಚೆ, ಬಣ್ಣದ ಚಿತ್ರ, ಮೌಸ್ ಏನೂ ಇಲ್ಲದ, ಬರೀ ಅಕ್ಷರ ಟೈಪ್ ಮಾಡಿ ಕಂಪ್ಯೂಟರಿಗೆ ಅಪ್ಪಣೆ ಕೊಡುತ್ತಿದ್ದ ಕಪ್ಪು ಪರದೆಯ ಕಾಲದಲ್ಲೇ ಇದರ ಬೇರಿದೆ. ಆ ಪದ್ಧತಿಗೆ ಕಮಾಂಡ್ ಲೈನ್ ಎನ್ನುತ್ತಾರೆ. ಇವತ್ತಿಗೂ ಸರ್ವರ್ ನೋಡಿಕೊಳ್ಳುವವರು, ಪ್ರೋಗ್ರಾಂ ಬರೆಯುವವರು ದಿನವೂ ಬಳಸುವುದು ಅದನ್ನೇ.

ಕಾಗದದ ಮೇಲೆ ಅಳಿಸಲಾಗದು

ಕಮಾಂಡ್ ಲೈನಿಗೂ ಮುಂಚೆ ಟೆಲಿಪ್ರಿಂಟರ್ ಇತ್ತು. ಹಳೆಯ ಪತ್ರಿಕಾ ಕಚೇರಿಯಲ್ಲಿ ಕೆಲಸ ಮಾಡಿದ ಹಿರಿಯರಿಗೆ ಅದರ ಟಕಟಕ ಸದ್ದು ಈಗಲೂ ನೆನಪಿದೆ. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಕಟ್ಟಲು ಶುರು ಮಾಡಿದಾಗ ಅವರ ಮುಂದಿದ್ದದ್ದು ಇಂಥ ಯಂತ್ರವೇ. ಕಂಪ್ಯೂಟರ್ ಉತ್ತರ ಕೊಡುತ್ತಿದ್ದದ್ದು ಪರದೆಯ ಮೇಲಲ್ಲ, ಕಾಗದದ ಸುರುಳಿಯ ಮೇಲೆ.

ತಾಲ್ಲೂಕು ಕಚೇರಿ ಎದುರು ಅರ್ಜಿ ಟೈಪ್ ಮಾಡುತ್ತಿದ್ದವರನ್ನು ನೋಡಿದವರಿಗೆ ಈ ಯಂತ್ರದ ನಡೆ ಬೇಗ ಅರ್ಥವಾಗುತ್ತದೆ. ಸಾಲು ಮುಗಿದಾಗ ಟೈಪಿಸ್ಟ್ ಎರಡು ಕೆಲಸ ಮಾಡುತ್ತಿದ್ದರು. ಒಂದು, ಗಾಡಿಯನ್ನು ಮತ್ತೆ ಸಾಲಿನ ಶುರುವಿಗೆ ತಳ್ಳುವುದು. ಎರಡು, ಕಾಗದವನ್ನು ಒಂದು ಸಾಲು ಮೇಲೆ ಸರಿಸುವುದು. ಕಂಪ್ಯೂಟರಿಗೂ ಈ ಎರಡಕ್ಕೆ ಬೇರೆ ಬೇರೆ ಸಂಕೇತ ಕೊಟ್ಟರು. ಮೊದಲನೆಯದು ಕ್ಯಾರೇಜ್ ರಿಟರ್ನ್, ಎರಡನೆಯದು ಲೈನ್ ಫೀಡ್. ಬರೀ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಏನಾಗುತ್ತದೆ? ಬರೆದ ಸಾಲಿನ ಮೇಲೇ ಮತ್ತೆ ಬರೆದಂತಾಗುತ್ತದೆ. ಕಾಗದದ ಮೇಲೆ ಅದು ಗೀಚು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ಕಥೆ ತಿರುಗುತ್ತದೆ.

ಕಾಗದದ ಕಾಲದಲ್ಲಿ ಕೆಲಸ ನಡೆಯುತ್ತಿದೆ ಎಂದು ತೋರಿಸಲು ಇದ್ದ ಸುಲಭ ದಾರಿ ಚುಕ್ಕಿ ಹೊಡೆಯುವುದು. ಒಂದು ತುಂಡು ಕೆಲಸ ಮುಗಿದರೆ ಒಂದು ಚುಕ್ಕಿ. ಮದುವೆ ಮನೆಯಲ್ಲಿ ಅಕ್ಕಿ ಅಳೆಯುವಾಗ ಸೇರಿಗೊಂದು ಗೆರೆ ಎಳೆದ ಹಾಗೆ. ಅಲಂಕಾರ ಇಲ್ಲ, ಲೆಕ್ಕ ಇದೆ.

ಕಡ್ಡಿ ತಿರುಗಿತು

1970ರ ದಶಕದಲ್ಲಿ ಕಾಗದದ ಜಾಗಕ್ಕೆ ಗಾಜಿನ ಪರದೆ ಬಂತು. 1978ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ತಂದ ವಿಟಿ100 ಎಂಬ ಟರ್ಮಿನಲ್ಲಿನಲ್ಲಿ ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು. ಇಂದಿನ ಕಮಾಂಡ್ ಲೈನ್ ಕಿಟಕಿಗಳು ಈಗಲೂ ಅದರದ್ದೇ ನಡೆಯನ್ನು ಅನುಕರಿಸುತ್ತವೆ. ಲಿನಕ್ಸ್‌ನಲ್ಲಿ ಟರ್ಮಿನಲ್ಲಿಗೆ ಇವತ್ತಿಗೂ ಟಿಟಿವೈ ಎಂದೇ ಹೆಸರು. ಟೆಲಿಟೈಪ್ ಸತ್ತರೂ ಹೆಸರು ಉಳಿದಿದೆ.

ಗಾಜಿನ ಮೇಲೆ ಒಂದು ಹೊಸ ಸೌಕರ್ಯ ಸಿಕ್ಕಿತು. ಬರೆದದ್ದರ ಮೇಲೆ ಬರೆದರೆ ಹಳೆಯದು ಮಾಯ, ಹೊಸದು ಮಾತ್ರ ಕಾಣುತ್ತದೆ. ಗೀಚು ಆಗುವುದಿಲ್ಲ. ಒಂದು ಅಕ್ಷರ ಬರೆದು, ಒಂದು ಹೆಜ್ಜೆ ಹಿಂದೆ ಬಂದು, ಅದೇ ಜಾಗದಲ್ಲಿ ಇನ್ನೊಂದು ಬರೆದರೆ ಚಿತ್ರ ಅಲುಗಾಡುತ್ತದೆ. ಯಾರೋ ನಾಲ್ಕು ಗುರುತು ಆರಿಸಿಕೊಂಡರು: | / - \ . ನೆಟ್ಟಗಿನ ಕಡ್ಡಿ, ವಾಲಿದ ಕಡ್ಡಿ, ಮಲಗಿದ ಕಡ್ಡಿ, ಇನ್ನೊಂದು ಕಡೆಗೆ ವಾಲಿದ ಕಡ್ಡಿ. ಒಂದರ ಹಿಂದೆ ಒಂದನ್ನು ಅದೇ ಜಾಗದಲ್ಲಿ ತೋರಿಸಿದರೆ ಕಡ್ಡಿಯೊಂದು ಗಿರಗಿರನೆ ತಿರುಗಿದಂತೆ ಕಾಣುತ್ತದೆ. ಹಳೆಯ ಟೂರಿಂಗ್ ಟಾಕೀಸಿನ ರೀಲಿನಲ್ಲಿ ನಿಂತ ಚಿತ್ರಗಳೇ ಓಡಿದಂತೆ ಕಂಡ ಹಾಗೆ. ನಮ್ಮ ಫೋನಿನ ಚಕ್ರದ ಅಜ್ಜ ಈ ಕಡ್ಡಿ.

ಬರ್ಕ್‌ಲಿ ವಿಶ್ವವಿದ್ಯಾಲಯದ ಯುನಿಕ್ಸ್ ವಂಶದ ಕಂಪ್ಯೂಟರುಗಳಲ್ಲಿ, ಯಂತ್ರ ಎದ್ದೇಳುವಾಗ ಓಡುವ ಪ್ರೋಗ್ರಾಮಿನೊಳಗೆ ಈ ಕಡ್ಡಿಗೊಂದು ಪುಟ್ಟ ತುಣುಕು ಇದೆ. ಅದರ ಹೆಸರು ಟ್ವಿಡಲ್. ಬೆರಳಲ್ಲಿ ಏನನ್ನೋ ತಿರುಗಿಸುತ್ತ ಕೂರುವುದು ಎಂದು ಅರ್ಥ. ಇದರಲ್ಲಿ ಗಮನಿಸಬೇಕಾದ ಗುಟ್ಟು ಒಂದಿದೆ. ಡಿಸ್ಕಿನಿಂದ ಓದುವ ಕೆಲಸಕ್ಕೆ ಕೈ ಹಾಕಿದಾಗೆಲ್ಲ ಈ ತುಣುಕನ್ನು ಕರೆಯುತ್ತಾರೆ, ಕಡ್ಡಿ ಒಂದು ಹೆಜ್ಜೆ ತಿರುಗುತ್ತದೆ. ಡಿಸ್ಕ್ ಕೈಕೊಟ್ಟರೆ ಮುಂದಿನ ಓದು ಇಲ್ಲ, ಕಡ್ಡಿಯೂ ಅಲ್ಲೇ ನಿಲ್ಲುತ್ತದೆ. ಕಡ್ಡಿ ನಿಂತರೆ ಯಂತ್ರ ಸಿಕ್ಕಿಹಾಕಿಕೊಂಡಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ.

ಅಂದರೆ ಆ ಕಡ್ಡಿ ಕೆಲಸಕ್ಕೆ ಕಟ್ಟಿದ ಕಡ್ಡಿ.

ಕಾಯುವವರ ಮನಸ್ಸು

ಕಾಯುವುದು ಕಷ್ಟವಲ್ಲ, ಏನಾಗುತ್ತಿದೆ ಎಂದು ತಿಳಿಯದೆ ಕಾಯುವುದು ಕಷ್ಟ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ತಿನ್ನುತ್ತ ರೈಲಿಗೆ ಕಾದವರಿಗೆ ಇದು ಗೊತ್ತು. ಹಿಂದೆ ರೈಲು ಹಿಂದಿನ ನಿಲ್ದಾಣ ಬಿಟ್ಟಾಗ ಇಲ್ಲಿ ಗಂಟೆ ಹೊಡೆಯುತ್ತಿದ್ದರು. ರೈಲು ಇನ್ನೂ ಕಣ್ಣಿಗೆ ಬಿದ್ದಿಲ್ಲ, ಆದರೂ ಜನ ಗಂಟು ಮೂಟೆ ಹಿಡಿದು ಎದ್ದು ನಿಲ್ಲುತ್ತಿದ್ದರು. ಗಂಟೆಯ ಹಿಂದೆ ಒಂದು ನಿಜ ಇತ್ತು.

ಕಂಪ್ಯೂಟರ್ ಲೋಕದಲ್ಲಿ ಇದನ್ನು ಅಭ್ಯಾಸ ಮಾಡಿದವರಿದ್ದಾರೆ. ಐಬಿಎಂನ ರಾಬರ್ಟ್ ಮಿಲ್ಲರ್ 1968ರಲ್ಲಿ, ಮನುಷ್ಯ ಕಂಪ್ಯೂಟರಿನ ಉತ್ತರಕ್ಕೆ ಎಷ್ಟು ಹೊತ್ತು ತಾಳ್ಮೆಯಿಂದ ಇರಬಲ್ಲ ಎಂಬ ಬಗ್ಗೆ ಪ್ರಬಂಧ ಬರೆದರು. 1985ರಲ್ಲಿ ಬ್ರಾಡ್ ಮೈಯರ್ಸ್ ಎಂಬ ಸಂಶೋಧಕರು ಇನ್ನೊಂದು ಪ್ರಬಂಧದಲ್ಲಿ, ಶೇಕಡಾ ಎಷ್ಟು ಮುಗಿದಿದೆ ಎಂದು ತೋರಿಸುವ ಗೆರೆ ಬಳಕೆದಾರರಿಗೆ ಎಷ್ಟು ಮುಖ್ಯ ಎಂದು ಪ್ರಯೋಗ ಮಾಡಿ ತೋರಿಸಿದರು. 1993ರಲ್ಲಿ ಯಾಕೊಬ್ ನೀಲ್ಸನ್ ಹೇಳಿದ ಲೆಕ್ಕವನ್ನು ಇಂದಿಗೂ ಪಾಠ ಮಾಡುತ್ತಾರೆ: ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉತ್ತರ ಬಂದರೆ ತಕ್ಷಣ ಬಂದಂತೆ, ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ತಪ್ಪುವುದಿಲ್ಲ, ಹತ್ತು ಸೆಕೆಂಡು ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಹತ್ತು ಸೆಕೆಂಡು ದಾಟುವ ಕೆಲಸವಾದರೆ ಎಷ್ಟಾಯಿತು, ಎಷ್ಟು ಬಾಕಿ ಎಂದು ಹೇಳಲೇಬೇಕು.

ನಮ್ಮ ಪರದೆಯ ಮೇಲೆ ಎರಡು ರಾತ್ರಿ

ಇಲ್ಲಿ ನಮ್ಮ ಮಾತೂ ಒಂದಿದೆ. 2012ರ ಅಕ್ಟೋಬರ್‌ನಲ್ಲಿ ಕಾವೇರಿ ಚಳವಳಿ ಜೋರಾಗಿದ್ದಾಗ ನಾವು ಫೋಟೊ ಕಳಿಸುತ್ತಿದ್ದದ್ದು ಮದ್ದೂರಿನ ಒಂದು ಸೈಬರ್ ಸೆಂಟರಿನಿಂದ. ಡೆಸ್ಕಿನಲ್ಲಿದ್ದ ಹಿರಿಯರು ಕಪ್ಪು ಕಿಟಕಿಯಲ್ಲಿ ಎಫ್‌ಟಿಪಿ ಎಂಬ ಪ್ರೋಗ್ರಾಂ ಓಡಿಸುವುದನ್ನು ಹೇಳಿಕೊಟ್ಟಿದ್ದರು. ಅದರಲ್ಲಿ ಹ್ಯಾಶ್ ಎಂದು ಟೈಪ್ ಮಾಡಿದರೆ, ಫೋಟೊದ ಒಂದು ನಿಗದಿತ ತುಂಡು ಹೋದ ಹಾಗೆಲ್ಲ ಪರದೆಯ ಮೇಲೆ ಒಂದೊಂದು # ಬೀಳುತ್ತಿತ್ತು. ######## ಎಂದು ಸಾಲು ಬೆಳೆಯುತ್ತಿತ್ತು. ಲೈನ್ ಹೋದರೆ ಸಾಲು ನಿಂತುಬಿಡುತ್ತಿತ್ತು. ನಿಂತದ್ದು ಕಂಡರೆ ನಾವು ಮತ್ತೆ ಕಳಿಸುತ್ತಿದ್ದೆವು. ಅಂದು ರಾತ್ರಿ ಮೂರು ಸಲ ನಿಂತಿತು, ನಾಲ್ಕನೇ ಸಲ ಮುಟ್ಟಿತು.

ಕೆಲವು ವರ್ಷ ಕಳೆದು, ಕಪ್ಪು ಕಿಟಕಿ ಬಿಟ್ಟು ಫೋನಿನ ಆ್ಯಪ್ ಬಂದಿತ್ತು. ಒಂದು ಬೇಸಿಗೆಯಲ್ಲಿ ಮಳವಳ್ಳಿ ತಾಲ್ಲೂಕಿನ ನಾಲೆಯ ಕೊನೆ ಭಾಗದ ಒಂದು ಊರಿಗೆ ಹೋಗಿದ್ದೆವು. ನೀರು ಅಲ್ಲಿಯವರೆಗೆ ಮುಟ್ಟದೆ ಗದ್ದೆ ಬಿರುಕು ಬಿಟ್ಟಿತ್ತು. ಗದ್ದೆಯ ಒಡತಿ, ನಮ್ಮ ಅಜ್ಜಿಯ ವಯಸ್ಸಿನವರು, ಬಿರುಕಿನೊಳಗೆ ಕೈ ಇಟ್ಟು ತೋರಿಸಿದರು. ಆ ಫೋಟೊ, ನಾಲ್ಕು ಪ್ಯಾರಾ ಸುದ್ದಿ ಕಳಿಸಿದೆವು. ಪರದೆ ಮೇಲೆ ಚಕ್ರ ತಿರುಗಿತು. ಅಂದವಾಗಿ, ಒಂದೇ ವೇಗದಲ್ಲಿ ತಿರುಗುತ್ತಲೇ ಇತ್ತು. ಕೆಲಸ ಆಗುತ್ತಿದೆ ಎಂದು ನಂಬಿ ಫೋನ್ ಪಕ್ಕಕ್ಕಿಟ್ಟು ಮಲಗಿದೆವು. ಬೆಳಿಗ್ಗೆ ಎದ್ದಾಗಲೂ ತಿರುಗುತ್ತಿತ್ತು. ಫೋಟೊ ಹೋಗಿರಲಿಲ್ಲ, ಸುದ್ದಿಯೂ ಹೋಗಿರಲಿಲ್ಲ.

ಆ ಅಜ್ಜಿ ಮೊಮ್ಮಗನ ಫೋನಿನಿಂದ ಕೇಳಿದರು: "ನಮ್ ಗದ್ದೆ ಪೇಪರಲ್ಲಿ ಬಂತೇನಪ್ಪ? ಅದ ನೋಡಾದ್ರೂ ಇಂಜಿನಿಯರ್ ಬತ್ತಾರೇನೋ ಅಂತ ಕಾಯ್ತಾ ಇವ್ನಿ ಕಣಪ್ಪ."

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಚಕ್ರ ತಿರುಗುತ್ತಿತ್ತು ಅಜ್ಜಿ ಎಂದು ಹೇಳಲಾಗುತ್ತದೆಯೇ? ಎರಡು ದಿನ ಬಿಟ್ಟು ಸುದ್ದಿ ಬಂತು. ಆದರೆ ಆ ಎರಡು ದಿನ ಅವರ ಬೆಳೆಗೆ ಸೇರಿದ್ದು, ನಮಗಲ್ಲ.

ಗಾಣದ ಲೆಕ್ಕ

ಅಂದಿನಿಂದ ನಮಗೊಂದು ಪ್ರಶ್ನೆ ಕಾಡುತ್ತಿತ್ತು. ಕೆಲಸ ನಿಂತಿದ್ದರೂ ಚಕ್ರ ಹೇಗೆ ತಿರುಗಿತು?

ಉತ್ತರ ನಮ್ಮ ಆಲೆಮನೆಯಲ್ಲಿದೆ. ಎತ್ತು ಕಟ್ಟಿದ ಹಳೆಯ ಗಾಣವನ್ನು ನೆನೆಸಿಕೊಳ್ಳಿ. ಕಬ್ಬು ಕೊಟ್ಟರೆ ರಸ ಸುರಿಯುತ್ತದೆ. ಕೊಡುವವನು ಬೀಡಿ ಸೇದಲು ಎದ್ದು ಹೋದರೂ ಎತ್ತು ಸುತ್ತುತ್ತಲೇ ಇರುತ್ತದೆ, ಗಾಣ ತಿರುಗುತ್ತಲೇ ಇರುತ್ತದೆ, ಕೆಳಗೆ ಒಂದು ತೊಟ್ಟು ಬೀಳುವುದಿಲ್ಲ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಅದಕ್ಕೇ ಅನುಭವಸ್ಥರು ಗಾಣ ನೋಡುವುದಿಲ್ಲ, ರಸ ಬೀಳುವ ಪಾತ್ರೆ ನೋಡುತ್ತಾರೆ. ಕೊಪ್ಪರಿಗೆಯ ಹತ್ತಿರ ನಿಂತವರು ಪಾಕದ ನೊರೆ ನೋಡಿ, ಒಂದು ತೊಟ್ಟು ನೀರಿಗೆ ಬಿಟ್ಟು ಹದ ಹೇಳುತ್ತಾರೆ.

ಹಳೆಯ ಕಡ್ಡಿಯನ್ನು ಕೆಲಸಕ್ಕೆ ಕಟ್ಟಿದ್ದರು. ಈಗಿನ ಹೆಚ್ಚಿನ ಚಕ್ರಗಳನ್ನು ಗಡಿಯಾರಕ್ಕೆ ಕಟ್ಟುತ್ತಾರೆ. ಇಂದು ಕಮಾಂಡ್ ಲೈನ್ ಪ್ರೋಗ್ರಾಂ ಬರೆಯುವವರು ಸಿದ್ಧ ಚಕ್ರಗಳ ಒಂದು ದೊಡ್ಡ ಸಂಗ್ರಹದಿಂದ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ. ಅದರಲ್ಲಿ ಬಹಳ ಬಳಕೆಯಲ್ಲಿರುವ ಒಂದು ಚಕ್ರ ಪ್ರತಿ 80 ಮಿಲಿಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ. ಆಚೆ ಸರ್ವರ್ ಉತ್ತರ ಕೊಡಲಿ ಬಿಡಲಿ, ಇದು ತನ್ನ ಪಾಡಿಗೆ ತಿರುಗುತ್ತದೆ. ಪ್ರೋಗ್ರಾಂ ಇನ್ನೂ ಉಸಿರಾಡುತ್ತಿದೆ ಎಂದು ಮಾತ್ರ ಹೇಳಬಲ್ಲದು, ಕೆಲಸ ಸಾಗುತ್ತಿದೆ ಎಂದಲ್ಲ. ಕಬ್ಬಿಲ್ಲದ ಗಾಣ.

ಬರೆಯುವವರ ಮೇಲೆ ಪೂರ್ತಿ ತಪ್ಪು ಹೊರಿಸಲೂ ಆಗದು. ಎಷ್ಟೋ ಸಲ ಒಟ್ಟು ಎಷ್ಟು ಕೆಲಸವಿದೆ ಎಂದು ಪ್ರೋಗ್ರಾಮಿಗೇ ಗೊತ್ತಿರುವುದಿಲ್ಲ. ಸರ್ವರ್ ಯಾವಾಗ ಉತ್ತರ ಕೊಡುತ್ತದೋ ಹೇಳಲು ಬರುವುದಿಲ್ಲ. ಆಗ ಶೇಕಡಾ ತೋರಿಸಿದರೆ ಅದೇ ಸುಳ್ಳು. ಆದರೆ ಇಷ್ಟು ಹೊತ್ತಾಯಿತು, ಇಷ್ಟು ತುಂಡು ಹೋಯಿತು, 30 ಸೆಕೆಂಡಿನಿಂದ ಉತ್ತರವಿಲ್ಲ ಎಂದು ಹೇಳಲು ಯಾವ ಅಡ್ಡಿಯೂ ಇಲ್ಲ.

ಅಂದಕ್ಕೆ ಹೋಗಿ ಕೆಲಸವೇ ಕೆಟ್ಟದ್ದೂ ಉಂಟು. ಎನ್‌ಪಿಎಂ ಎಂಬುದು ಲೋಕದ ತುಂಬ ಪ್ರೋಗ್ರಾಂ ಬರೆಯುವವರು ಬಳಸುವ ಕಮಾಂಡ್ ಲೈನ್ ಸಲಕರಣೆ. 2016ರ ಜನವರಿಯಲ್ಲಿ ಒಂದು ಸಂಗತಿ ಹೊರಬಿತ್ತು. ಅದರ ಪ್ರಗತಿ ತೋರಿಸುವ ಗೆರೆಯನ್ನು ಆರಿಸಿದರೆ ಅದೇ ಕೆಲಸ ಸುಮಾರು ಅರ್ಧ ಸಮಯದಲ್ಲಿ ಮುಗಿಯುತ್ತಿತ್ತು. ಗೆರೆಯನ್ನು ಮತ್ತೆ ಮತ್ತೆ ಬಿಡಿಸುವುದರಲ್ಲೇ ಯಂತ್ರ ದಣಿಯುತ್ತಿತ್ತು. ಕೂಲಿಯವರು ಎಷ್ಟು ಕಳೆ ಕಿತ್ತರು ಎಂದು ನಿಮಿಷಕ್ಕೊಮ್ಮೆ ಬದುವಿಗೆ ಕರೆದು ಕೇಳಿದರೆ ಕಳೆ ಕೀಳುವುದು ಯಾವಾಗ? ಆಮೇಲೆ ಅದನ್ನು ಸರಿಪಡಿಸಿದರು.

ಇನ್ನೊಂದು ವಿಚಿತ್ರ ನೋಡಿ. ಮೇಲೆ ಹೇಳಿದ ಜನಪ್ರಿಯ ಚಕ್ರವನ್ನು ಮಾಡಿರುವುದು ಬ್ರೈಲ್ ಲಿಪಿಯ ಚುಕ್ಕಿಗಳಿಂದ. ⠋ ⠙ ⠹ ⠸ ಹೀಗೆ ಒಂದರ ಹಿಂದೆ ಒಂದು ತೋರಿಸಿದರೆ ಚುಕ್ಕಿಗಳು ಸುತ್ತಿದಂತೆ ಕಾಣುತ್ತವೆ. ಕಣ್ಣಿಲ್ಲದವರು ಬೆರಳಿನಿಂದ ಓದಲಿ ಎಂದು ಹುಟ್ಟಿದ ಲಿಪಿ, ಕಣ್ಣಿದ್ದವರಿಗೆ ಅಲಂಕಾರವಾಯಿತು. ಪರದೆಯನ್ನು ಗಟ್ಟಿಯಾಗಿ ಓದಿಸಿಕೊಂಡು ಕೆಲಸ ಮಾಡುವ ಅಂಧರಿಗೆ ಕ್ಷಣಕ್ಷಣಕ್ಕೂ ಬದಲಾಗುವ ಈ ಚುಕ್ಕಿಗಳು ತೊಡಕಾಗುತ್ತವೆ. "40 ಮುಗಿದಿದೆ, 60 ಬಾಕಿ" ಎಂಬ ಒಂದು ಸಾಲು ಅವರಿಗೂ ಸಾಕು, ನಮಗೂ ಸಾಕು.

ಕಪ್ಪು ಕಿಟಕಿಯಲ್ಲಿ ಕನ್ನಡ

ಆ ಸಾಲು ಕನ್ನಡದಲ್ಲಿ ಬರಬಾರದೇ? ಇಲ್ಲಿ ವಿಟಿ100 ಕಾಲದ ಹಳೆಯ ಕಟ್ಟು ಅಡ್ಡ ಬರುತ್ತದೆ. ಆ ಪರದೆ ಚೌಕುಳಿ ಇದ್ದಂತೆ, ಅಕ್ಷರಕ್ಕೊಂದು ಮನೆ. ಇಂಗ್ಲಿಷಿಗೆ ಸರಿ. ನಮ್ಮ "ಸ್ತ್ರೀ" ನೋಡಿ. ಬಾಯಲ್ಲಿ ಒಂದೇ ಅಕ್ಷರ, ಕಂಪ್ಯೂಟರಿನೊಳಗೆ ಆರು ಸಂಕೇತ. ಇದಕ್ಕೆ ಎಷ್ಟು ಮನೆ ಕೊಡಬೇಕು ಎಂಬುದರಲ್ಲಿ ಪ್ರೋಗ್ರಾಮಿನ ಲೆಕ್ಕ ಒಂದು, ಪರದೆಯ ಲೆಕ್ಕ ಇನ್ನೊಂದು ಆಗುತ್ತದೆ. ಆಗ ಸಾಲಿನ ಶುರುವಿಗೆ ಹೋಗಿ ಮೇಲೆ ಬರೆದರೂ ಹಳೆಯ ಅಕ್ಷರದ ಬಾಲ ಉಳಿದುಬಿಡುತ್ತದೆ, ಒತ್ತಕ್ಷರ ಚದುರಿ ಬೀಳುತ್ತದೆ. ಡಾಸ್ ಕಾಲದಲ್ಲಿ ಕಂಪ್ಯೂಟರಿನೊಳಗೆ ಜಿಸ್ಟ್ ಎಂಬ ಬೇರೆ ಕಾರ್ಡ್ ಹಾಕಿ ಭಾರತೀಯ ಭಾಷೆಗಳನ್ನು ಪರದೆಗೆ ತಂದಿದ್ದರು. ಫೋನಿನಲ್ಲಿ ಕನ್ನಡ ಚೆನ್ನಾಗಿ ಕೂತಿದೆ. ಕಪ್ಪು ಕಿಟಕಿಯಲ್ಲಿ ಇನ್ನೂ ಸರಿಯಾಗಿ ಕೂತಿಲ್ಲ.

ರೈತರ ಕಡೆಗೆ ತಿರುಗಿದ ಪರದೆ

ಕಾಯುವವರಿಗೆ ಕೆಲಸ ತೋರಿಸಬೇಕೆಂಬ ವಿಚಾರ ನಮ್ಮ ರಾಜ್ಯಕ್ಕೆ ಹೊಸದಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 9000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಆ ಯೋಜನೆಯ ಕೇಂದ್ರಗಳಲ್ಲಿ ಒಂದು ಸಣ್ಣ ಏರ್ಪಾಡು ಇತ್ತು. ಸಿಬ್ಬಂದಿ ನೋಡುವ ಪರದೆಯ ಜೊತೆಗೆ ಇನ್ನೊಂದು ಪರದೆ, ಕಿಟಕಿಯ ಈಚೆ ನಿಂತ ರೈತರ ಕಡೆಗೆ ಮುಖ ಮಾಡಿತ್ತು. ಒಳಗೆ ಏನು ಟೈಪ್ ಮಾಡುತ್ತಿದ್ದಾರೆ, ಯಾವ ಸರ್ವೆ ನಂಬರ್ ತೆಗೆದಿದ್ದಾರೆ ಎಂದು ರೈತರೂ ನೋಡಬಹುದಿತ್ತು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ಕಟ್ಟಿದ್ದರು. ಆ ಎರಡನೇ ಪರದೆಯಲ್ಲಿ ಯಾವ ಚಕ್ರವೂ ಬೇಕಿರಲಿಲ್ಲ, ಕೆಲಸವೇ ಕಾಣುತ್ತಿತ್ತು.

2012ರಲ್ಲಿ ಸಕಾಲ ಬಂತು. ಅರ್ಜಿ ಕೊಟ್ಟಾಗ ಒಂದು ಸಂಖ್ಯೆ, ಕೆಲಸಕ್ಕೆ ಇಷ್ಟು ದಿನ ಎಂಬ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು. ಇದೂ ಕೆಆರ್‌ಎಸ್ ಚೌಕದ ಜಾತಿಯದೇ. ಒಟ್ಟು ದಿನ ಎಷ್ಟು, ಕಳೆದದ್ದು ಎಷ್ಟು ಎಂಬ ಲೆಕ್ಕ ಕೈಯಲ್ಲಿರುತ್ತದೆ.

ಫೋನಿನ ಹಣದ ವಿಷಯದಲ್ಲೂ ರಿಸರ್ವ್ ಬ್ಯಾಂಕ್ 2019ರಲ್ಲಿ ಗಡುವು ಹಾಕಿದೆ. ಯುಪಿಐಯಲ್ಲಿ ನಮ್ಮ ಖಾತೆಯಿಂದ ಹಣ ಹೋಗಿ ಎದುರಿನವರ ಖಾತೆಗೆ ಮುಟ್ಟದಿದ್ದರೆ ಮರುದಿನದೊಳಗೆ, ಅಂಗಡಿ ವ್ಯಾಪಾರವಾದರೆ ಐದು ದಿನದೊಳಗೆ ವಾಪಸ್ ಬರಬೇಕು. ಅದಕ್ಕೂ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ದರಿಂದ ಚಕ್ರ ತಿರುಗುತ್ತಿದೆ ಎಂದು ಗಾಬರಿಯಾಗಿ ಎರಡನೇ ಸಲ ಹಣ ಒತ್ತಬೇಡಿ. ಆ್ಯಪಿನ ವಹಿವಾಟು ಪಟ್ಟಿ ನೋಡಿ, ಬ್ಯಾಂಕಿನ ಮೆಸೇಜ್ ನೋಡಿ, ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕಚೇರಿಯಲ್ಲಿ "ಸರ್ವರ್ ತಿರುಗ್ತಾ ಇದೆ, ನಾಳೆ ಬನ್ನಿ" ಎಂದರೆ ಅರ್ಜಿ ಸಂಖ್ಯೆ ಕೇಳಿ ಪಡೆದುಕೊಂಡೇ ಬನ್ನಿ. ಸಂಖ್ಯೆ ಇದ್ದರೆ ನಾಳೆ ಕೇಳಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ. ಚಕ್ರ ನೋಡಿದ್ದಕ್ಕೆ ರಸೀದಿ ಇಲ್ಲ.

ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಪ್ರೋಗ್ರಾಂ ಬರೆಯುವುದು ಕಲಿಯುತ್ತಿರುವ ತಮ್ಮ ತಂಗಿಯರಿಗೂ ಒಂದು ಮಾತು. ಮುಂದೊಂದು ದಿನ ನೀವು ಬರೆದ ಚಕ್ರದ ಮುಂದೆ ನಿಮ್ಮೂರಿನವರೇ ಯಾರಾದರೂ ಕೈ ಕಟ್ಟಿ ನಿಂತಿರುತ್ತಾರೆ. ಅದನ್ನು ಗಡಿಯಾರಕ್ಕೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ. ಕೆಲಸ ನಿಂತರೆ ಅದೂ ನಿಲ್ಲಲಿ.

ನಾವಂತೂ ಈಗ ಸುದ್ದಿ ಕಳಿಸಿದ ಮೇಲೆ ಮಲಗುವ ಮುಂಚೆ ಡೆಸ್ಕಿಗೆ ಒಂದು ಫೋನ್ ಮಾಡುತ್ತೇವೆ. "ಬಂತಾ ಸಾರ್?" ಎಂದು ಕೇಳಿ, "ಬಂತು" ಎಂದ ಮೇಲೆಯೇ ದೀಪ ಆರಿಸುವುದು.